ಮಿಠಿ ನದಿ ಯಾರದ್ದು?

‘ಮಿಠಿ’ ಎಂಬ ಹೆಸರು ಮುಂಬಯಿಯಲ್ಲಿ ಒಬ್ಬೊಬ್ಬರ ಕಿವಿಗೆ ಒಂದೊಂದು ಥರ ಕೇಳಿಸುತ್ತದೆ. ಹಿಂದಿಯವರಿಗೆ ಅದು ಸಿಹಿ. ಮರಾಠಿಯಲ್ಲಿ ಮಿಠಿ ಎಂದರೆ ಅಪ್ಪುಗೆ. ಅದೇ ಮರಾಠಿಯಲ್ಲಿ ‘ಮೀಠ್’ ಎಂದರೆ ಉಪ್ಪು. ವಿಹಾರ್ ಕೆರೆಯ ಕೋಡಿಯಿಂದ ಇಳಿಯುವಾಗ ಸಿಹಿನೀರು, ಮಾಹಿಮ್ ಖಾಡಿಗೆ ಬಂದು ಸಮುದ್ರ ಸೇರುವಾಗ ಉಪ್ಪುನೀರು ಆಗಿರುವುದರಿಂದ ಎಲ್ಲ ಅರ್ಥಗಳೂ ಅದಕ್ಕೆ ಒಪ್ಪುತ್ತವೆ. ಆದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಅಂದರೆ ನಾವೆಲ್ಲ ಬಿಕೆಸಿ ಎನ್ನುವ ಗಾಜಿನ ಕಟ್ಟಡಗಳ ಊರಿನಲ್ಲಿ, ನನ್ನ ಸಹೋದ್ಯೋಗಿಗಳ ಬಾಯಲ್ಲಿ ಅದಕ್ಕೆ ಬೇರೆಯದೇ ಹೆಸರು: ನಾಲಾ. “ನಾಲಾ ದಾಟಿದ ಮೇಲೆ ಎಡಕ್ಕೆ ತಗೊಳ್ಳಿ” ಎಂದು ಆಟೋದವರಿಗೆ ದಾರಿ ಹೇಳುತ್ತಾರೆ. ಮಳೆಗಾಲದಲ್ಲಿ ಮೀಟಿಂಗ್ ರೂಮಿನ ಕಿಟಕಿಯಿಂದ ನೋಡಿ, “ಇವತ್ತು ನಾಲಾ ತುಂಬಿದೆ, ಬೇಗ ಹೊರಡೋಣ” ಎನ್ನುತ್ತಾರೆ.

ಹದಿನೇಳೂ ಮುಕ್ಕಾಲು ಕಿಲೋಮೀಟರ್ ಹರಿಯುವ ಒಂದು ನದಿ ನಾಲೆ ಎನಿಸಿಕೊಳ್ಳುವುದು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಸುಮಾರು ಇನ್ನೂರು ವರ್ಷದ ಚರಿತ್ರೆ ಇದೆ. ಅದನ್ನು ಮತ್ತೆ ನದಿ ಎಂದು ಕರೆಯಿಸಲು ಒಂದಷ್ಟು ಜನ ಮಾಡುತ್ತಿರುವ ಪ್ರಯತ್ನಕ್ಕೂ ಈಗ ನಲವತ್ತು ವರ್ಷ ದಾಟಿದೆ. ನಮ್ಮಂಥ ವಲಸೆ ಬಂದವರು ಈ ಎರಡನ್ನೂ ತಿಳಿದುಕೊಂಡಿರಬೇಕು ಎಂದು ನನಗೆ ಅನ್ನಿಸುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಗಡಿಯಾಗಿದ್ದ ನೀರು

ಈಗ ಲೋಕಲ್ ಟ್ರೇನಿನಲ್ಲಿ ಬಾಂದ್ರಾದಿಂದ ಮಾಹಿಮಿಗೆ ಹೋಗುವಾಗ ಕ್ಷಣಹೊತ್ತು ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಆ ನೀರು ಒಂದು ಕಾಲದಲ್ಲಿ ಎರಡು ಸಾಮ್ರಾಜ್ಯಗಳ ಗಡಿ. ದಕ್ಷಿಣಕ್ಕೆ ಇಂಗ್ಲಿಷರ ಬೊಂಬಾಯಿ, ಉತ್ತರಕ್ಕೆ ಪೋರ್ಚುಗೀಸರ ಸಾಷ್ಟಿ ದ್ವೀಪ. ಬಾಂದ್ರಾದ ತುದಿಯಲ್ಲಿ ಇವತ್ತು ಪ್ರೇಮಿಗಳು ಕೂರುವ ಕೋಟೆಯನ್ನು ಪೋರ್ಚುಗೀಸರು 1640ರಲ್ಲಿ ಕಟ್ಟಿದ್ದು ಈ ಖಾಡಿಯ ಬಾಯಿಯನ್ನು ಕಾಯಲಿಕ್ಕೆ. ಆಚೆ ದಡದಲ್ಲಿ ಮಾಹಿಮ್ ಕೋಟೆ. 1739ರಲ್ಲಿ ವಸಈ ಮರಾಠರ ಕೈಸೇರಿದಾಗ ಪೋರ್ಚುಗೀಸರ ಕಥೆ ಮುಗಿಯಿತು. 1774ರಲ್ಲಿ ಇಂಗ್ಲಿಷರು ಸಾಷ್ಟಿಯನ್ನು ಹಿಡಿದರು, 1782ರ ಸಾಲಬಾಯಿ ಒಪ್ಪಂದದಲ್ಲಿ ಅದು ಅವರಿಗೇ ಉಳಿಯಿತು. ಅಲ್ಲಿಗೆ ನೀರು ಗಡಿಯಾಗಿ ಉಳಿಯಲಿಲ್ಲ, ಅಡ್ಡಿಯಾಯಿತು.

ಅಡ್ಡಿಯನ್ನು ದಾಟಬೇಕಲ್ಲ? ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಗವರ್ನರ್ ಜೊನಾಥನ್ ಡಂಕನ್ ಕಾಲದಲ್ಲಿ ಸಯನ್‌ನಿಂದ ಕುರ್ಲಾ ಕಡೆಗೆ ಕಾಸ್‌ವೇ ಬಂತು. ಬಾಂದ್ರಾ-ಮಾಹಿಮ್ ನಡುವೆ ಮಾತ್ರ ದೋಣಿಯೇ ಗತಿ, ಮಳೆಗಾಲದಲ್ಲಿ ಅದು ಜೀವ ಕೈಯಲ್ಲಿ ಹಿಡಿದು ಮಾಡುವ ಪ್ರಯಾಣ. ಅಲ್ಲಿ ರಸ್ತೆ ಮಾಡಲು ಕಂಪನಿ ಸರ್ಕಾರ ದುಡ್ಡು ಬಿಚ್ಚಲಿಲ್ಲ. ಕೊನೆಗೆ ಪಾರ್ಸಿ ವ್ಯಾಪಾರಿ ಜಮ್‌ಶೆಟ್‌ಜಿ ಜೀಜೀಭಾಯಿ ಅವರ ಪತ್ನಿ ಅವಾಬಾಯಿ ತಮ್ಮ ಕೈಯಿಂದ 1,57,000 ರೂಪಾಯಿ ಕೊಟ್ಟರು. ದಾಟುವವರಿಂದ ಸುಂಕ ವಸೂಲು ಮಾಡಬಾರದು ಎನ್ನುವುದು ಅವರ ಷರತ್ತು. 1840ರ ದಶಕದ ಮಧ್ಯದಲ್ಲಿ ಮುಗಿದ ಆ ಮಾಹಿಮ್ ಕಾಸ್‌ವೇ ಇವತ್ತಿಗೂ ನಮ್ಮ ಟ್ಯಾಕ್ಸಿಗಳನ್ನು ಹೊರುತ್ತಿದೆ. ಮುಂದೆ ಸಿಗುವ ಎಲ್.ಜೆ. ರೋಡ್ ಅವರದೇ ಹೆಸರು, ಲೇಡಿ ಜಮ್‌ಶೆಟ್‌ಜಿ ರಸ್ತೆ.

ಈ ಖಾಡಿಯ ವಿಷಯದಲ್ಲಿ ಸರ್ಕಾರ ಮಾಡದ್ದನ್ನು ಊರಿನವರೊಬ್ಬರು ಮಾಡಿದ್ದಕ್ಕೆ ಇದು ಹಳೆಯ ಉದಾಹರಣೆ. ದೊಡ್ಡ ಮನಸ್ಸಿನ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದು ನದಿಗಾಗಿ ಮಾಡಿದ ಕೆಲಸವಲ್ಲ, ನದಿಯನ್ನು ದಾಟುವವರಿಗಾಗಿ ಮಾಡಿದ್ದು. ನೀರಿನ ಹರಿವಿಗೆ ಅಡ್ಡಲಾಗಿ ಕಲ್ಲುಮಣ್ಣಿನ ದಾರಿ ಬಿತ್ತು, ನೀರು ಕಮಾನುಗಳ ಕೆಳಗೆ ನುಸುಳುವುದನ್ನು ಕಲಿಯಿತು. ಆಮೇಲೆ ಈ ನದಿಯ ವಿಷಯದಲ್ಲಿ ನಡೆದದ್ದೆಲ್ಲ ಇದೇ ಧಾಟಿಯಲ್ಲಿ.

ಮೇಲೆ ಕಟ್ಟೆ, ನಡುವೆ ರನ್‌ವೇ, ಕೆಳಗೆ ಕಾಂಪ್ಲೆಕ್ಸ್

ಬೊಂಬಾಯಿ ದ್ವೀಪದಲ್ಲಿ ಕುಡಿಯುವ ನೀರಿಗೆ ಬಾವಿ ಮತ್ತು ಕೆರೆಗಳೇ ಆಧಾರ. 1850ರ ದಶಕದ ಬರಗಾಲದಲ್ಲಿ ಅವು ಒಣಗಿದಾಗ ಹಾಹಾಕಾರವೆದ್ದಿತು. ಇಂಜಿನಿಯರ್ ಹೆನ್ರಿ ಕೊನಿಬೇರ್ ಸಾಷ್ಟಿಯ ಗುಡ್ಡಗಳ ನಡುವಿನ ಕಣಿವೆಗೆ ಕಟ್ಟೆ ಹಾಕಿ ಪೈಪಿನಲ್ಲಿ ನೀರು ತರುವ ಯೋಜನೆ ಕೊಟ್ಟಿದ್ದರು. 1856ರಲ್ಲಿ ಕೆಲಸ ಶುರುವಾಗಿ 1860ರಲ್ಲಿ ವಿಹಾರ್ ಕೆರೆ ಸಿದ್ಧವಾಯಿತು. ಬೊಂಬಾಯಿಗೆ ಮೊದಲ ನಲ್ಲಿನೀರು ಬಂದದ್ದು ಹಾಗೆ. 1879ರಲ್ಲಿ ತುಳಸಿ ಕೆರೆ, 1891ರಲ್ಲಿ ಪವಾಯಿ ಕೆರೆ ಸೇರಿದವು.

ಇದರಿಂದ ಮಿಠಿಯ ಜಾತಕವೇ ಬದಲಾಯಿತು. ಗುಡ್ಡದ ನೀರು ಕೆರೆಯಲ್ಲಿ ನಿಂತಿತು, ಕೆರೆ ತುಂಬಿ ಕೋಡಿ ಬಿದ್ದಾಗಲಷ್ಟೇ ನದಿಗೆ ಪಾಲು. ವರ್ಷದ ನಾಲ್ಕು ತಿಂಗಳು ಮೈತುಂಬ ನೀರು, ಉಳಿದ ಎಂಟು ತಿಂಗಳು ತನ್ನದು ಅನ್ನುವ ನೀರೇ ಇಲ್ಲ. ಅದರ ಪಾತ್ರದಲ್ಲಿ ಬೇಸಿಗೆಯಲ್ಲಿ ಹರಿಯುವುದು ನಾವು ಬಿಟ್ಟದ್ದು ಮಾತ್ರ. ನಾಲಾ ಎನ್ನುವ ಹೆಸರಿನ ಬೀಜ ಬಿದ್ದದ್ದು ಇಲ್ಲಿ.

ನಂತರದ್ದು ವಿಮಾನ ನಿಲ್ದಾಣ. ಸಾಂತಾಕ್ರೂಜಿನಲ್ಲಿ ಮೊದಲು ವಾಯುಪಡೆಯ ನೆಲೆ ಇತ್ತು, ಸ್ವಾತಂತ್ರ್ಯದ ನಂತರ ಅದು ನಾಗರಿಕ ವಿಮಾನ ನಿಲ್ದಾಣವಾಯಿತು. ವಿಮಾನಗಳು ದೊಡ್ಡದಾದಂತೆ ರನ್‌ವೇ ಉದ್ದವಾಗಬೇಕಾಯಿತು, ನದಿ ಅಡ್ಡ ಬಂತು. ನದಿಯನ್ನೇ ತಿರುಗಿಸಿದರು. ಗೂಗಲ್ ಮ್ಯಾಪಿನಲ್ಲಿ ನೋಡಿ: ಮರೋಳ್‌ನಿಂದ ಇಳಿದು ಬರುವ ಮಿಠಿ ವಿಮಾನ ನಿಲ್ದಾಣದ ಹತ್ತಿರ ಲಂಬಕೋನದಲ್ಲಿ ತಿರುಗುತ್ತದೆ, ರನ್‌ವೇ ಕೆಳಗೆ ನುಸುಳುತ್ತದೆ, ಮತ್ತೆ ತಿರುಗುತ್ತದೆ. ಯಾವ ನದಿಯೂ ತಾನಾಗಿ ಹಾಗೆ ತಿರುಗುವುದಿಲ್ಲ. ಡ್ರಾಯಿಂಗ್ ಬೋರ್ಡಿನ ಮೇಲೆ ಮಾತ್ರ ತಿರುಗುತ್ತದೆ.

ಮೂರನೆಯದು ನಮ್ಮ ಬಿಕೆಸಿ. ದಕ್ಷಿಣ ಮುಂಬಯಿಯ ಆಫೀಸುಗಳ ಗದ್ದಲ ಇಳಿಸಬೇಕು ಎಂಬ ಒಳ್ಳೆಯ ಉದ್ದೇಶದಿಂದ 1977ರಲ್ಲಿ ಈ ಪ್ರದೇಶದ ಯೋಜನೆಯನ್ನು ಎಂಎಂಆರ್‌ಡಿಎಗೆ ವಹಿಸಿದರು. ಸುಮಾರು 370 ಹೆಕ್ಟೇರ್. ಮಿಠಿ, ವಾಕೋಲಾ ನಾಲಾ ಮತ್ತು ಮಾಹಿಮ್ ಖಾಡಿಯ ಎರಡೂ ಬದಿಯ ತಗ್ಗು ಜಾಗ. ಸರ್ಕಾರದ ಕಡತದಲ್ಲಿ ಅದು ಜೌಗು, ಉಪಯೋಗವಿಲ್ಲದ ನೆಲ. ಮಣ್ಣು ತುಂಬಿದರು, ಎತ್ತರಿಸಿದರು, ಪ್ಲಾಟು ಹಾಕಿದರು.

ನಾನು ಕುಮಟಾ ಕಡೆಯವನು. ಅಘನಾಶಿನಿ ಸಮುದ್ರ ಸೇರುವಲ್ಲಿ ಇಂಥದ್ದೇ ನೆಲ ನಮ್ಮಲ್ಲೂ ಇದೆ, ಅದಕ್ಕೆ ಗಜನಿ ಎನ್ನುತ್ತೇವೆ. ಭರತ ಬಂದಾಗ ಉಪ್ಪುನೀರು ಏರುವ, ಇಳಿತದಲ್ಲಿ ಬರಿದಾಗುವ ನೆಲ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಆಮೇಲೆ ಮೀನು-ಸಿಗಡಿ. ಅಂಚಿನಲ್ಲಿ ಕಾಂಡ್ಲಾ ಗಿಡ. ಆ ನೆಲವನ್ನು ‘ಉಪಯೋಗವಿಲ್ಲದ್ದು’ ಎಂದು ಹೇಳಿದರೆ ನಮ್ಮೂರಿನ ಅಜ್ಜಿಯರು ನಕ್ಕುಬಿಡುತ್ತಾರೆ. ಮುಂಬಯಿಯಲ್ಲೂ ಅಂಥ ನೆಲಕ್ಕೆ ಹೆಸರಿತ್ತು: ಖಾರ್. ಬಾಂದ್ರಾದ ಪಕ್ಕದ ಸ್ಟೇಷನ್ನಿನ ಹೆಸರಲ್ಲಿ ಅದು ಉಳಿದುಕೊಂಡಿದೆ. ನೆಲ ಹೋಗಿ ಹೆಸರು ಉಳಿದಿದೆ, ಅಷ್ಟೇ. ಸಮುದ್ರ ಏರಿದಾಗ ಮತ್ತು ಆಕಾಶ ಸುರಿದಾಗ ಹೆಚ್ಚಾದ ನೀರು ಒಂದೆರಡು ಗಂಟೆ ಕೂತು ಹೋಗಲಿಕ್ಕೆ ಇರುವ ಜಗಲಿ ಅದು. ಆ ಜಗಲಿಯ ಮೇಲೆ ನಾವು ಹತ್ತಂತಸ್ತಿನ ಮನೆ ಕಟ್ಟಿದ್ದೇವೆ.

ಇಷ್ಟೆಲ್ಲ ಆಗುವಾಗ ನದಿಯ ದಡದಲ್ಲಿ ಬಡವರೂ ಬಂದು ಕೂತರು. ಕುರ್ಲಾ, ಸಾಕಿನಾಕಾ, ಜರಿಮರಿ, ಧಾರಾವಿ. ಅಲ್ಲಿ ಗುಜರಿ ಅಂಗಡಿ, ಎಣ್ಣೆ ಡ್ರಮ್ಮು ತೊಳೆಯುವವರು, ಬಣ್ಣ ಹಾಕುವವರು, ಎಮ್ಮೆ ತಬೇಲಾ. ಅವರ ಕೊಳೆ ನದಿಗೇ ಹೋಯಿತು. ಅವರ ಹಿಂದೆ ನಿಂತ ದೊಡ್ಡ ಬಡಾವಣೆಗಳ ಶೌಚದ ನೀರೂ ಸದ್ದಿಲ್ಲದೆ ಅದೇ ನದಿಗೆ ಹೋಯಿತು. ಕಣ್ಣಿಗೆ ಬಿದ್ದವರು ಮಾತ್ರ ಗುಡಿಸಲಿನವರು.

944 ಮಿಲಿಮೀಟರ್

2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಯಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಅದೇ ದಿನ ದಕ್ಷಿಣದ ಕೊಲಾಬಾದಲ್ಲಿ 73 ಮಿಲಿಮೀಟರ್. ಒಂದೇ ಊರು, ಎರಡು ಆಕಾಶ. ನಗರದ ಹಳೆಯ ಮಳೆನೀರು ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ, ಅದೂ ಸಮುದ್ರ ಇಳಿದಿದ್ದಾಗ. ಆ ದಿನ ಮಧ್ಯಾಹ್ನವೇ ಸುಮಾರು ನಾಲ್ಕೂವರೆ ಮೀಟರಿನ ಭರತ. ಮಾಹಿಮ್‌ನಲ್ಲಿ ಸಮುದ್ರ ಬಾಗಿಲು ಹಾಕಿಕೊಂಡಿತು. ಮೇಲಿಂದ ವಿಹಾರ್, ಪವಾಯಿ ಕಡೆಯ ನೀರು, ನಡುವೆ ವಿಮಾನ ನಿಲ್ದಾಣದ ಇಕ್ಕಟ್ಟು, ಕೆಳಗೆ ಎತ್ತರಿಸಿದ ಬಿಕೆಸಿ. ನೀರು ಹೋಗುವುದಾದರೂ ಎಲ್ಲಿಗೆ? ಕುರ್ಲಾಕ್ಕೆ ಹೋಯಿತು, ಕಲೀನಾಕ್ಕೆ ಹೋಯಿತು, ಏರ್ ಇಂಡಿಯಾ ಕಾಲೊನಿಗೆ ಹೋಯಿತು. ರನ್‌ವೇಗೂ ಹೋಯಿತು. ಇನ್ನೂರು ವರ್ಷ ದಾಟಿಸಿಕೊಂಡವರನ್ನೆಲ್ಲ ನದಿ ಒಂದು ಸಂಜೆ ಹುಡುಕಿಕೊಂಡು ಬಂದ ಹಾಗೆ.

ನಾನಾಗ ಎಂಟೆಕ್ ಮುಗಿಸಿ ಈ ಊರಿಗೆ ಬಂದು ವರ್ಷವಾಗಿರಲಿಲ್ಲ. ಅಂಧೇರಿ ಪೂರ್ವದ ಆಫೀಸಿನಿಂದ ಕಲೀನಾದ ಬಾಡಿಗೆ ಕೋಣೆಗೆ ನಡೆದು ಹೊರಟೆ, ಸಾಕಿನಾಕಾದ ಹತ್ತಿರ ನೀರು ಎದೆಮಟ್ಟಕ್ಕೆ ಬಂತು. ಮೊಬೈಲಿಗೆ ಸಿಗ್ನಲ್ ಇಲ್ಲ, ದೀಪವಿಲ್ಲ. ರಸ್ತೆಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿ ಅದನ್ನು ಹಿಡಿದು ನಿಂತ ಹುಡುಗರು ನಮ್ಮನ್ನು ಒಬ್ಬೊಬ್ಬರನ್ನಾಗಿ ದಾಟಿಸಿದರು. ಎಲ್ಲಿ ಮ್ಯಾನ್‌ಹೋಲ್ ಬಾಯಿ ತೆರೆದಿದೆ ಎಂದು ಅವರಿಗೆ ಗೊತ್ತಿತ್ತು, ಏಕೆಂದರೆ ಅದು ಅವರ ಬೀದಿ. ಒಂದು ಮನೆಯವರು ಮಾಳಿಗೆಗೆ ಹತ್ತಿಸಿಕೊಂಡು ಚಹಾ, ಪಾರ್ಲೆ ಬಿಸ್ಕತ್ತು ಕೊಟ್ಟರು. ಅವರ ಕೆಳಗಿನ ಕೋಣೆ ಆಗಲೇ ಮುಳುಗಿತ್ತು. ರಾತ್ರಿಯಿಡೀ ಹದಿನೈದು ಜನ ಅಪರಿಚಿತರು ಆ ಮಾಳಿಗೆಯ ಮೇಲೆ ಕೂತಿದ್ದೆವು. ಆ ದಿನಗಳ ಮಳೆಗೆ ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಮರುತಿಂಗಳೇ, ಆಗಸ್ಟ್ 2005ರಲ್ಲಿ, ಮಿಠಿ ನದಿ ಅಭಿವೃದ್ಧಿ ಮತ್ತು ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು. ಸರ್ಕಾರದ ಬಾಯಲ್ಲಿ ಅದು ಮತ್ತೆ ‘ನದಿ’ಯಾಯಿತು. ಜಲತಜ್ಞ ಮಾಧವ ಚಿತಳೆ ಅವರ ಸಮಿತಿ ಪ್ರವಾಹದ ಕಾರಣಗಳನ್ನು ಹುಡುಕಿ ವರದಿ ಕೊಟ್ಟಿತು: ಪಾತ್ರವನ್ನು ಅಗಲಿಸಿ, ಆಳ ಮಾಡಿ, ಇಕ್ಕಟ್ಟುಗಳನ್ನು ಬಿಡಿಸಿ. ಕೆಲಸ ಹಂಚಿಕೊಂಡದ್ದು ಹೇಗೆ ಅಂದರೆ, ಮೇಲಿನ 11.84 ಕಿಲೋಮೀಟರ್ ಮಹಾನಗರ ಪಾಲಿಕೆಗೆ, ಕೆಳಗಿನ 6 ಕಿಲೋಮೀಟರ್ ಎಂಎಂಆರ್‌ಡಿಎಗೆ. ನಾನು ಪ್ರಾಜೆಕ್ಟ್ ಮ್ಯಾನೇಜರ್. ಒಂದೇ ಕೆಲಸಕ್ಕೆ ಇಬ್ಬರು ಯಜಮಾನರಿದ್ದರೆ ಏನಾಗುತ್ತದೆ ಎಂದು ಹೊಟ್ಟೆಪಾಡಿನಿಂದಲೇ ಬಲ್ಲೆ. ಈ ಪ್ರಾಜೆಕ್ಟಿಗೆ ಇಪ್ಪತ್ತು ವರ್ಷವಾಯಿತು, ಇನ್ನೂ ‘ಕ್ಲೋಸ್’ ಆಗಿಲ್ಲ.

ಅಘನಾಶಿನಿಗೆ ಇದ್ದದ್ದು, ಮಿಠಿಗೆ ಇಲ್ಲದ್ದು

ನಮ್ಮ ಜಿಲ್ಲೆಯಲ್ಲಿ ನದಿಗಾಗಿ ಜನ ಎದ್ದು ನಿಂತ ಕಥೆಗಳನ್ನು ಕೇಳುತ್ತಲೇ ನಾನು ಬೆಳೆದೆ. ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಸಂಘ, ಅಂದರೆ ಅಡಿಕೆ ಮಾರುವ ಸೊಸೈಟಿ, 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರಸಂಕಿರಣ ಮಾಡಿತು. ಮುಳುಗುವ ಕಾಡು-ತೋಟದ ಬೆಲೆಯನ್ನೂ ಬರುವ ವಿದ್ಯುತ್ತಿನ ಬೆಲೆಯನ್ನೂ ಎದುರು ಬದುರು ಇಟ್ಟು ಲೆಕ್ಕ ಕೇಳಿತು. ಶಿವರಾಮ ಕಾರಂತರಂಥವರು ಜೊತೆ ನಿಂತರು. ಯೋಜನೆ ಮೂಲೆ ಸೇರಿತು. 1983ರಲ್ಲಿ ಸಲಕಣಿಯಲ್ಲಿ ಅಪ್ಪಿಕೋ ಚಳವಳಿ ಶುರುವಾದದ್ದು ಅದೇ ಗಾಳಿಯಲ್ಲಿ. ಮುಂದೆ ಅಘನಾಶಿನಿಯ ಬಾಯಿಯಲ್ಲಿ, ತದಡಿಯಲ್ಲಿ, 4000 ಮೆಗಾವ್ಯಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗಲೂ ಮೀನುಗಾರರು, ಬಳಚು ಹೆಕ್ಕುವ ಹೆಂಗಸರು, ಗಜನಿಯ ರೈತರು ಒಪ್ಪಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಮುಂಬಯಿಯವರಿಗೆ ಪ್ರಜ್ಞೆ ಇಲ್ಲ ಎನ್ನುವುದು ಸುಲಭದ ಉತ್ತರ, ಮತ್ತು ತಪ್ಪು ಉತ್ತರ. ಬೇಡ್ತಿಯ ದಡದಲ್ಲಿದ್ದವರಿಗೆ ನದಿ ಹೋದರೆ ಅನ್ನ ಹೋಗುತ್ತಿತ್ತು. ಅವರ ಕೈಯಲ್ಲಿ ಜಮೀನಿನ ಪಹಣಿ ಇತ್ತು, ಸೊಸೈಟಿ ಇತ್ತು, ಅರ್ಜಿ ಬರೆಯುವವರಿದ್ದರು. ಮಿಠಿಯ ದಡದಲ್ಲಿ ಹಾಗೆ ನದಿಯಿಂದಲೇ ಬದುಕಿದವರು ಒಬ್ಬರೇ: ಕೋಳಿಗಳು. ಮಾಹಿಮ್, ಧಾರಾವಿಯ ಕೋಳಿವಾಡಾಗಳ ಬೆಸ್ತರು. ಧಾರಾವಿ ಎಂದರೆ ಸ್ಲಮ್ಮು ಎಂದಷ್ಟೇ ತಿಳಿದವರಿಗೆ ಅದು ಮೂಲದಲ್ಲಿ ಖಾಡಿಯ ದಡದ ಮೀನುಗಾರರ ಊರು ಎಂದು ಹೇಳಿದರೆ ನಂಬುವುದಿಲ್ಲ. ನೀರು ಕಪ್ಪಾದಂತೆ ಖಾಡಿಯ ಮೀನು ಹೋಯಿತು, ಮೀನಿನ ಜೊತೆ ಅವರ ಮಾತಿಗಿದ್ದ ತೂಕವೂ ಹೋಯಿತು. ಉಳಿದವರೆಲ್ಲ ಬಂದವರು. ಗುಡಿಸಲಿನವರಿಗೆ ಕಾಗದಪತ್ರವಿಲ್ಲ, ಬಾಯಿ ತೆರೆದರೆ ಮನೆಯೇ ಹೋದೀತೆಂಬ ಭಯ. ಫ್ಲ್ಯಾಟಿನವರಿಗೆ ನದಿ ಬೇಕಿಲ್ಲ, ವಾಸನೆ ಬರದಿದ್ದರೆ ಸಾಕು.

ನಾವು ಕನ್ನಡಿಗರೂ ಇದಕ್ಕೆ ಹೊರತಲ್ಲ. ನನ್ನೂರಿನ ಪಕ್ಕದ ಹನೇಹಳ್ಳಿಯ ಯಶವಂತ ಚಿತ್ತಾಲರು ಬಾಂದ್ರಾದಲ್ಲೇ ಬಹುಕಾಲ ಇದ್ದು, ಸಮುದ್ರ ನೋಡುತ್ತ ಬರೆದವರು. ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಮಿಠಿಯಿಂದ ಕೂಗಳತೆಯ ದೂರದಲ್ಲಿ. ಮಾಹಿಮ್ ಕಡೆ ಕರ್ನಾಟಕ ಸಂಘವಿದೆ. ಇಷ್ಟಾದರೂ ನಾನು ಓದಿದ ಮುಂಬಯಿ ಕನ್ನಡದಲ್ಲಿ ಲೋಕಲ್ ಟ್ರೇನಿದೆ, ಚಾಳಿದೆ, ಸಮುದ್ರವಿದೆ; ನದಿ ಸಿಗುವುದು ಅಪರೂಪ. ನಮಗೆ ನದಿ ಎಂದರೆ ಊರಿನಲ್ಲಿ ಬಿಟ್ಟು ಬಂದದ್ದು. ಬೇಸಿಗೆ ರಜೆಗೆ ಹೋಗಿ ಕಾಲು ಇಳಿಬಿಡುವಂಥದ್ದು.

ನದಿಗೆ ಸಿಕ್ಕ ಜನ

ಹಾಗೆಂದು ಮಿಠಿಗೆ ಯಾರೂ ಇರಲಿಲ್ಲ ಎಂದರೆ ಅನ್ಯಾಯ. ಬಿಕೆಸಿಯ ಎದುರು ದಡದಲ್ಲಿ, ಧಾರಾವಿಯ ಬದಿಗೆ, ನಗರದ ಕಸ ಸುರಿಯುತ್ತಿದ್ದ ಗುಡ್ಡವೊಂದಿತ್ತು. ಅದನ್ನು ಕಾಡು ಮಾಡಬಹುದು ಎಂಬ ಯೋಚನೆ 1970ರ ದಶಕದಲ್ಲಿ ಪರಿಸರಾಸಕ್ತರಿಗೆ ಬಂತು. 1983ರ ವಿಶ್ವ ಪರಿಸರ ದಿನದಂದು ಪಕ್ಷಿವಿಜ್ಞಾನಿ ಸಲೀಂ ಅಲಿ ಅಲ್ಲಿ ಗಿಡ ನೆಟ್ಟರು. 1994ರಲ್ಲಿ ಅದು ಮಹಾರಾಷ್ಟ್ರ ನೇಚರ್ ಪಾರ್ಕ್ ಎಂದು ತೆರೆಯಿತು. 37 ಎಕರೆ. ಶನಿವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ; ಕಾಲ ಕೆಳಗೆ ಕಸದ ಗುಡ್ಡವಿದೆ ಎಂದು ಹೇಳಿದರೂ ನಂಬುವುದಿಲ್ಲ. ಚಿಟ್ಟೆಗಳಿವೆ, ದಡದಲ್ಲಿ ಕಾಂಡ್ಲಾ ಇದೆ, ಬೇಲಿಯಾಚೆ ಮಿಠಿ.

ಎರಡನೆಯದು ಕೋರ್ಟಿನ ದಾರಿ. ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಹೂಡಿದ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟು 2005ರ ಅಕ್ಟೋಬರ್ 6ರಂದು ಇಡೀ ರಾಜ್ಯದಲ್ಲಿ ಕಾಂಡ್ಲಾ ಕಾಡು ಕಡಿಯುವುದನ್ನು ನಿಲ್ಲಿಸಿತು, ಅದರ ಸುತ್ತ 50 ಮೀಟರ್ ಒಳಗೆ ಕಟ್ಟಡ ಕೂಡದೆಂದಿತು. 2018ರ ಸೆಪ್ಟೆಂಬರಿನ ಅಂತಿಮ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಮಾಹಿಮ್ ಖಾಡಿಯಲ್ಲಿ ಇವತ್ತು ಕಾಣುವ ಹಸಿರಿಗೆ ಈ ಒಂದು ಅರ್ಜಿಯ ಋಣವಿದೆ. ಮಿಠಿಗೆ ತಡೆಗೋಡೆ ಕಟ್ಟುವುದೇ ಸಂರಕ್ಷಣೆಯೇ ಎಂಬ ಪ್ರಶ್ನೆಯನ್ನು ಜಲಬಿರಾದರಿಯವರು ಕೋರ್ಟಿಗೆ ಒಯ್ದರು. ಗೋಡೆಯ ನಡುವೆ ಹರಿಯುವುದು ಕಾಲುವೆ, ನದಿಗೆ ದಡ ಬೇಕು ಎನ್ನುವುದು ಅವರ ವಾದದ ಸಾರ.

ಮೂರನೆಯದು ಆರೆ. ಮಿಠಿಯ ಮೇಲ್ದಂಡೆಯ ಕಾಡು. 2019ರ ಅಕ್ಟೋಬರ್ ಮೊದಲ ವಾರ, ಹೈಕೋರ್ಟು ಅರ್ಜಿಗಳನ್ನು ವಜಾ ಮಾಡಿದ ರಾತ್ರಿಯೇ ಮೆಟ್ರೋ ಕಾರ್‌ಶೆಡ್ಡಿಗಾಗಿ ಮರ ಕಡಿಯಲು ಶುರು ಮಾಡಿದರು. ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದ್ದವು, 29 ಜನ ಬಂಧನವಾಗಿದ್ದರು. ಅವರಲ್ಲಿ ಕಾಲೇಜು ಹುಡುಗರಿದ್ದರು. ಪ್ರತಿಭಟನೆಗೆ ನಿಂತವರ ಸಾಲಿನಲ್ಲಿ ಆರೆಯ ಪಾಡಾಗಳ ವಾರ್ಲಿ ಆದಿವಾಸಿಗಳಿದ್ದರು. ಇದು ಬರೀ ಮರದ ಪ್ರಶ್ನೆಯಲ್ಲ, ಮಿಠಿಯ ನೀರು ಇಂಗುವ ನೆಲದ ಪ್ರಶ್ನೆ ಎಂದು ಅವರು ಹೇಳುತ್ತಲೇ ಇದ್ದರು. ಕಾರ್‌ಶೆಡ್ ಕೊನೆಗೆ ಅಲ್ಲೇ ಬಂತು. 2024ರಿಂದ ಆರೆಯಿಂದ ಬಿಕೆಸಿಗೆ ಭೂಗತ ಮೆಟ್ರೋ ಓಡುತ್ತಿದೆ, ನಾನೂ ದಿನವೂ ಅದರಲ್ಲೇ ಬರುತ್ತೇನೆ. ತಣ್ಣಗೆ, ಹೊತ್ತಿಗೆ ಸರಿಯಾಗಿ. ಅನುಕೂಲ ಎನ್ನುವುದು ಸುಳ್ಳಲ್ಲ, ಅದಕ್ಕೆ ಬೆಲೆ ತೆತ್ತವರು ಬೇರೆ ಎನ್ನುವುದೂ ಸುಳ್ಳಲ್ಲ.

ನಾಲ್ಕನೆಯದು ಕೈಗವಸಿನ ದಾರಿ. ವರ್ಸೋವಾ ಕಡಲತೀರವನ್ನು 2015ರಿಂದ ವಾರವಾರ ಗುಡಿಸಿ ವಿಶ್ವಸಂಸ್ಥೆಯ ಪ್ರಶಸ್ತಿ ಪಡೆದ ವಕೀಲ ಅಫ್ರೋಜ್ ಶಾ, ಆಮೇಲೆ ಮಿಠಿಯ ಪವಾಯಿ ಬದಿಗೂ ಬಂದರು. ರಿವರ್ ಮಾರ್ಚ್ ಎಂಬ ನಾಗರಿಕರ ಗುಂಪು ದಹಿಸರ್, ಪೊಯಿಸರ್, ಓಶಿವಾರಾ, ಮಿಠಿ, ಈ ನಾಲ್ಕೂ ನದಿಗಳ ಹೆಸರನ್ನು ಒಟ್ಟಿಗೆ ಹೇಳಲು ಕಲಿಸಿತು. ಮುಂಬಯಿಗೆ ನಾಲ್ಕು ನದಿಗಳಿವೆ ಎನ್ನುವುದೇ ಎಷ್ಟೋ ಮುಂಬಯಿಕರರಿಗೆ ಹೊಸ ಸುದ್ದಿ. ಅಂಥ ಸ್ವಚ್ಛತಾ ಕೆಲಸಕ್ಕೆ ನಾನೂ ಒಂದೆರಡು ಭಾನುವಾರ ಹೋಗಿದ್ದೇನೆ. ಒಂದು ಗಂಟೆ ಎಳೆದರೆ ಕೆಸರಿನಿಂದ ಹೊರಬರುವುದು ಬಹುತೇಕ ತೆಳ್ಳನೆಯ ಪ್ಲಾಸ್ಟಿಕ್ ಪೊಟ್ಟಣಗಳು: ಶಾಂಪೂ, ಗುಟ್ಕಾ, ಚಿಪ್ಸು. ಆ ದಡದ ಹೆಂಗಸೊಬ್ಬರು ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಿದ್ದವರು ಹಿಂದಿಯಲ್ಲಿ ಕೇಳಿದರು: “ಅಣ್ಣಾ, ಇದೆಲ್ಲ ಸರಿ. ನಮ್ಮ ಗಲ್ಲಿಗೆ ಕಸದ ಗಾಡಿ ಯಾವಾಗ ಬರುತ್ತೆ?” ನಮ್ಮ ಗುಂಪಿನಲ್ಲಿ ಯಾರಲ್ಲೂ ಉತ್ತರವಿರಲಿಲ್ಲ.

ಪಟ್ಟಿಯಲ್ಲಿ ಇಲ್ಲದವರು

ಆ ಪ್ರಶ್ನೆ ನನಗೆ ಮುಖ್ಯ ಅನ್ನಿಸುತ್ತದೆ. ನಮ್ಮ ಕೆಲಸದಲ್ಲಿ ಪ್ರಾಜೆಕ್ಟ್ ಶುರು ಮಾಡುವ ಮೊದಲು ಸ್ಟೇಕ್‌ಹೋಲ್ಡರ್‌ಗಳ ಪಟ್ಟಿ ಮಾಡುತ್ತೇವೆ. ಯಾರಿಗೆ ಲಾಭ, ಯಾರಿಗೆ ನಷ್ಟ, ಯಾರ ಒಪ್ಪಿಗೆ ಬೇಕು. ಮಿಠಿಯ ಪಟ್ಟಿಯಲ್ಲಿ ಪಾಲಿಕೆ ಇದೆ, ಎಂಎಂಆರ್‌ಡಿಎ ಇದೆ, ವಿಮಾನ ನಿಲ್ದಾಣವಿದೆ. ದಡದವರ ಹೆಸರು ಬರುವುದು ‘ಅತಿಕ್ರಮಣ’ ಎಂಬ ಕಾಲಮ್ಮಿನಲ್ಲಿ. 2005ರ ನಂತರ ನದಿ ಅಗಲಿಸುವಾಗ ಮೊದಲು ಎದ್ದು ಹೋಗಬೇಕಾದದ್ದು ಅವರ ಮನೆಗಳು. ರನ್‌ವೇ ಎದ್ದು ಹೋಗಲಿಲ್ಲ, ಬಿಕೆಸಿ ಎದ್ದು ಹೋಗಲಿಲ್ಲ. ಹೋಗಲು ಸಾಧ್ಯವೂ ಇಲ್ಲ ಎನ್ನಿ. ಆದರೆ ನದಿಯ ಜಾಗ ತಿಂದವರ ಲೆಕ್ಕ ಬರೆಯುವಾಗ ಎಲ್ಲರ ಹೆಸರನ್ನೂ ಒಂದೇ ಅಳತೆಯಲ್ಲಿ ಬರೆಯಬೇಕಲ್ಲವೇ? ಅಂದು ರಾತ್ರಿ ಹಗ್ಗ ಹಿಡಿದು ನಿಂತ ಹುಡುಗರು ಮರುವರ್ಷದ ಕಡತದಲ್ಲಿ ಬರೀ ಅತಿಕ್ರಮಣಕಾರರಾದರೆ, ಆ ಕಡತ ಬರೆದವರಿಗೆ ನದಿಯೂ ಗೊತ್ತಿಲ್ಲ, ಊರೂ ಗೊತ್ತಿಲ್ಲ.

ಇನ್ನೊಂದು ಕಡೆ ಹೂಳಿನ ಲೆಕ್ಕ. ಪ್ರತಿ ಮಳೆಗಾಲದ ಮುಂಚೆ ಮಿಠಿಯ ಹೂಳೆತ್ತಲು ಕೋಟಿಗಟ್ಟಲೆ ಖರ್ಚಾಗುತ್ತದೆ. 2025ರ ಮೇ ತಿಂಗಳಲ್ಲಿ ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ವಿಭಾಗ, ಈ ಕೆಲಸದಲ್ಲಿ ಪಾಲಿಕೆಗೆ ಸುಮಾರು 65 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಎಫ್‌ಐಆರ್ ದಾಖಲಿಸಿತು. ಹೂಳನ್ನು ಸುರಿಯಲು ಜಾಗ ಕೊಟ್ಟಿದ್ದೇವೆ ಎಂಬ ಜಮೀನು ಮಾಲೀಕರ ಒಪ್ಪಂದಗಳೇ ನಕಲಿ ಎನ್ನುವುದು ಆರೋಪಗಳಲ್ಲೊಂದು. ಆರೋಪ ನಿಜವೋ ಅಲ್ಲವೋ ಕೋರ್ಟು ಹೇಳಲಿ. ಆದರೆ ಎಷ್ಟು ಹೂಳು ತೆಗೆದರು ಎಂದು ನೋಡಿ ಹೇಳುವವರು ದಡದಲ್ಲಿ ಇದ್ದರೆ ಇಂಥ ಆರೋಪಕ್ಕೇ ಜಾಗ ಕಡಿಮೆ. ಶಿರಸಿಯ ಅಡಿಕೆ ಸೊಸೈಟಿಯವರು ಮಾಡಿದ್ದು ಇದನ್ನೇ: ಘೋಷಣೆ ಕೂಗುವ ಮೊದಲು ಲೆಕ್ಕ ಕೇಳಿದರು.

ಹಾಗಾದರೆ ನಮ್ಮಂಥವರು ಏನು ಮಾಡಬಹುದು? ನಾವು ಈ ನದಿಯ ಮಕ್ಕಳಲ್ಲ, ಇದರ ನೀರು ಕುಡಿದು ಬೆಳೆದವರೂ ಅಲ್ಲ. ಆದರೆ ಇಪ್ಪತ್ತು ವರ್ಷ ಒಂದು ನದಿಯ ಜಗಲಿಯ ಮೇಲೆ ಕೂತು ಸಂಬಳ ತೆಗೆದುಕೊಂಡವನಿಗೆ ‘ನಾನು ಹೊರಗಿನವನು’ ಎನ್ನುವ ಹಕ್ಕು ಉಳಿಯುವುದಿಲ್ಲ ಎಂದು ನನ್ನ ಅಭಿಪ್ರಾಯ. ನಮಗೆ ಸ್ಪ್ರೆಡ್‌ಶೀಟ್ ಬರುತ್ತದೆ, ಟೆಂಡರ್ ಓದಲು ಬರುತ್ತದೆ, ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಬರುತ್ತದೆ. ದಡದವರಿಗೆ ಎಲ್ಲಿ ನೀರು ಏರುತ್ತದೆ, ಯಾವ ರಾತ್ರಿ ಯಾವ ಟ್ಯಾಂಕರ್ ಬಂದು ಸುರಿದು ಹೋಗುತ್ತದೆ ಎಂದು ಗೊತ್ತು. ಈ ಎರಡು ತಿಳಿವಳಿಕೆಗಳು ಒಂದೇ ಮೇಜಿನ ಸುತ್ತ ಕೂತ ದಿನ ಮಿಠಿಗೂ ಒಂದು ಸೊಸೈಟಿ ಹುಟ್ಟುತ್ತದೆ. ಕಂಪನಿಗಳ ಸಿಎಸ್‌ಆರ್ ದಿನದಂದು ಒಂದೇ ಬಣ್ಣದ ಟೀಶರ್ಟು ತೊಟ್ಟು ಫೋಟೋ ತೆಗೆಸಿಕೊಳ್ಳುವುದರಿಂದ ಅದು ಹುಟ್ಟುವುದಿಲ್ಲ. ಕಸದ ಗಾಡಿ ಯಾವಾಗ ಬರುತ್ತದೆ ಎಂಬ ಪ್ರಶ್ನೆಯನ್ನು ಆ ಹೆಂಗಸಿನ ಜೊತೆ ಹೋಗಿ ವಾರ್ಡ್ ಆಫೀಸಿನಲ್ಲಿ ಕೇಳುವುದರಿಂದ ಹುಟ್ಟೀತು.

ಹಾಗೆ ಕೇಳಲು ನಾವು ಕೆಲವರು ಶುರು ಮಾಡಿದ್ದೇವೆ. ಮೊದಲ ಸಲ ಸಂಬಂಧಪಟ್ಟ ಅಧಿಕಾರಿ ರಜೆಯಲ್ಲಿದ್ದರು. ಎರಡನೆಯ ಸಲ ಅರ್ಜಿಯನ್ನು ಮರಾಠಿಯಲ್ಲಿ ಬರೆದು ತನ್ನಿ ಎಂದರು. ಬರೆದುಕೊಂಡು ಹೋದೆವು, ಆ ದಡದ ಹುಡುಗಿಯೊಬ್ಬಳು ಬರೆದುಕೊಟ್ಟಳು. ನಾನು ಹೇಳುತ್ತಿದ್ದಂತೆ ಬರೆಯುತ್ತ ಹೋದವಳು ಒಂದು ಕಡೆ ಪೆನ್ನು ನಿಲ್ಲಿಸಿ, “ಅಂಕಲ್, ಇಲ್ಲಿ ನಾಲಾ ಅಂತ ಬರೆಯಲೋ, ನದಿ ಅಂತ ಬರೆಯಲೋ?” ಎಂದು ಕೇಳಿದಳು. ನದಿ ಎಂದೇ ಬರೆದೆವು. ಅರ್ಜಿಗೆ ಸ್ವೀಕೃತಿಯ ಮುದ್ರೆ ಬಿದ್ದಿದೆ.